ಪದ ಬೇಕು: ಮಗುವಿನ ರಕ್ತದಲ್ಲಿ ‘ಸ್ವಯಂ’ ಅಂದರೆ ಯಾರು?

ಎಲ್ಲರಿಗೂ ನಮಸ್ಕಾರ.

ಹೆರಿಗೆ ವಾರ್ಡಿನಲ್ಲಿ ತಾಯಂದಿರಿಗೆ ಕೊಡುವ ಒಂದು ಹಾಳೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ವಿಷಯ ಐಟಿಪಿ ಅನ್ನುವ ರಕ್ತದ ಕಾಯಿಲೆ. ತಾಯಿಯ ಮೈ ತನ್ನದೇ ಪ್ಲೇಟ್‌ಲೆಟ್‌ಗಳ (ರಕ್ತ ಸೋರುವುದನ್ನು ನಿಲ್ಲಿಸುವ ಕಣಗಳ) ವಿರುದ್ಧ ಪ್ರತಿಕಾಯ, ಅಂದರೆ ಆಂಟಿಬಾಡಿ, ಹುಟ್ಟಿಸುತ್ತದೆ. ಅವು ಮಾಸು ದಾಟಿ ಮಗುವಿಗೂ ಹೋಗುತ್ತವೆ. ಹುಟ್ಟಿದ 2ರಿಂದ 5 ದಿನದೊಳಗೆ ಮಗುವಿನ ಪ್ಲೇಟ್‌ಲೆಟ್ ತೀರಾ ಇಳಿಯಬಹುದು. ಆಗ ಹಿಮ್ಮಡಿಗೆ ಸೂಜಿ ಚುಚ್ಚಿದ ಕಡೆ ರಕ್ತ ಹೆಪ್ಪುಗಟ್ಟದೆ ಜಿನುಗುತ್ತಲೇ ಇರುತ್ತದೆ.

ಈ ಪ್ರತಿಕಾಯಕ್ಕೆ ‘ಸ್ವಯಂನಿರೋಧಕ ಪ್ರತಿಕಾಯ’ ಅಂತ ಬರೆದಿದ್ದೆ. ಓದಿದ ನರ್ಸ್ ಒಬ್ಬರು, “ಮಗು ತಾನಾಗೇ ಮಾಡಿಕೊಂಡಿದ್ದಾ?” ಅಂದರು. ಬೇರೆ ಪದ ಇದೆಯಾ?

ಮರು:
ಮೊದಲು ‘ಹೆಪ್ಪುಗಟ್ಟು’ ತೆಗೆಯಿರಿ. ಹೆಪ್ಪು ಅನ್ನುವುದು ಹಾಲಿಗೆ ಹೊರಗಿನಿಂದ ಹಾಕುವಂಥದ್ದು. ನೆತ್ತರಿಗೆ ‘ಗರಣೆಗಟ್ಟು’ ಇದೆ. ಪ್ಲೇಟ್‌ಲೆಟ್ ಬೇಡ, ‘ಕಿರುಬಿಲ್ಲೆ’ ಅನ್ನಿ. ‘ಸ್ವಯಂ’ ಬದಲು ನಮ್ಮದೇ ‘ತನ್ನ’ ಹಾಕಿ. ಸಂಸ್ಕೃತದ ಹಂಗು ಬಿಟ್ಟರೆ ತೊಡಕೇ ಇರುವುದಿಲ್ಲ.

ಮರು:
ಒಪ್ಪುವುದಿಲ್ಲ. ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಅದಕ್ಕೆ ಯಾರೂ ಹೆಪ್ಪು ಹಾಕಿರುವುದಿಲ್ಲ. ತಮಿಳಿನಲ್ಲೂ ಹಾಲು, ರಕ್ತ ಎರಡಕ್ಕೂ ‘ಉರೈ’ ಅನ್ನುವ ಒಂದೇ ಮಾತು. ಇನ್ನು ಕಿರುಬಿಲ್ಲೆ. ಡೆಂಗಿ ಬಂದ ಮನೆಗಳಲ್ಲೆಲ್ಲ “ಪ್ಲೇಟ್‌ಲೆಟ್ ಎಷ್ಟಿದೆ?” ಅಂತಲೇ ಕೇಳುತ್ತಾರೆ. ಜನರ ಬಾಯಲ್ಲಿ ನಿಂತ ಮಾತು ಕನ್ನಡವೇ.

‘ತನ್ನ’ ಇಲ್ಲಿ ಇನ್ನೂ ಕಷ್ಟ. “ಮಗು ತನ್ನ ಪ್ರತಿಕಾಯದಿಂದ ಬಳಲುತ್ತದೆ” ಅಂದರೆ ‘ತನ್ನ’ ಹೋಗುವುದು ಮಗುವಿಗೆ. ಪ್ರತಿಕಾಯ ಅಮ್ಮನದು. ಸಂಸ್ಕೃತವೋ ಕನ್ನಡವೋ ಅನ್ನುವುದಕ್ಕಿಂತ ಯಾರದು ಅನ್ನುವುದು ಮುಖ್ಯ ಅಲ್ವಾ?

ಮರು:
ಹೀಗೆ ಒಂದೊಂದೇ ಬಿಟ್ಟುಕೊಟ್ಟರೆ ಕೊನೆಗೆ ಉಳಿಯುವುದು ವಿಭಕ್ತಿ ಮಾತ್ರ. ಗರಣೆ ನಮ್ಮಜ್ಜಿ ದಿನಾ ಆಡುತ್ತಿದ್ದ ಮಾತು.

ಮರು:
ಇಬ್ಬರಿಗೂ ಧನ್ಯವಾದ. ಗರಣೆ ಒಳ್ಳೆಯ ಪದವೇ. ಆದರೆ ಮೊನ್ನೆ ಹೆತ್ತವಳಿಗೆ ಅರ್ಥ ಹೇಳಲು ಪಕ್ಕದಲ್ಲಿ ನಿಮ್ಮಜ್ಜಿ ಇರುವುದಿಲ್ಲ. ಹೆಪ್ಪುಗಟ್ಟು, ಪ್ಲೇಟ್‌ಲೆಟ್ ಎರಡನ್ನೂ ಉಳಿಸುತ್ತೇನೆ. ‘ಸ್ವಯಂ’ ಬಿಟ್ಟು ಹೀಗೆ ಬರೆದೆ: “ಹೊಟ್ಟೆಯಲ್ಲಿದ್ದಾಗ ಅಮ್ಮನಿಂದ ಬಂದ ಪ್ರತಿಕಾಯ. ಕೆಲವು ವಾರ, ತಿಂಗಳುಗಳಲ್ಲಿ ತಾನೇ ಕಡಿಮೆಯಾಗುತ್ತದೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ.” ಕೊನೆಯ ವಾಕ್ಯ ಮೂಲದಲ್ಲಿಲ್ಲ. ಡಾಕ್ಟರನ್ನು ಕೇಳಿ ಸೇರಿಸಿದೆ.

ಇನ್ನೊಂದು ಉಳಿದಿದೆ. ಮಗುವಿನ ಚರ್ಮದಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆ ಏಳುತ್ತವೆ, ಒತ್ತಿದರೂ ಮಾಸುವುದಿಲ್ಲ. ಇದು ಗಂಧೆ ಅಲ್ಲ, ಗಂಧೆಯಾದರೆ ತುರಿಸುತ್ತದೆ. ನಿಮ್ಮ ಕಡೆ ಇದಕ್ಕೆ ಏನನ್ನುತ್ತಾರೆ? ಇವತ್ತು ರಾತ್ರಿಯೊಳಗೆ ತಿಳಿಸಿ.