ಆರ್ಗನ್, ಪೇಟಿ ಮತ್ತು ಕಾಲಿನ ಕೆಲಸ: ಪದಗಳ ಬಗ್ಗೆ ಒಂದು ವಿಚಾರಣೆ

ಮಾನ್ಯರೆ,

ಅಮೆರಿಕದ ಮ್ಯೂಸಿಯಮ್ಮೊಂದರಲ್ಲಿ ಸಂಜೆ ಹೊತ್ತು ಏರ್ಪಡಿಸುವ ಜಾಝ್ ಮತ್ತು ಫಂಕ್ (ಲಯಕ್ಕೆ ಒತ್ತು ಕೊಡುವ ಅಮೆರಿಕದ ಸಂಗೀತ ಪ್ರಕಾರ) ಆರ್ಗನ್ ವಾದನದ ಕುರಿತು ಬಳ್ಳಾರಿಯ ರಂಗಸಂಗೀತಾಸಕ್ತರಿಗಾಗಿ ಕನ್ನಡದಲ್ಲಿ ಟಿಪ್ಪಣಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಇದನ್ನು ಓದುವವರು ಸುಭದ್ರಮ್ಮ ಮನ್ಸೂರರ ರಂಗಗೀತೆಗಳನ್ನು ಕೇಳಿದವರು, ನಾಟಕ ಕಂಪನಿಗಳ ಪೇಟಿ (ಹಾರ್ಮೋನಿಯಂ) ಮಾಸ್ತರರನ್ನು ಹತ್ತಿರದಿಂದ ಬಲ್ಲವರು. ಆದುದರಿಂದ ಆರ್ಗನ್ನನ್ನು ‘ಒಂದು ಬಗೆಯ ಪೇಟಿ’ ಎಂದು ಪರಿಚಯಿಸಿದರೆ ಸುಲಭವಾಗಿ ತಿಳಿಯುತ್ತದೆ ಎಂದು ಗೆಳೆಯರೊಬ್ಬರು ಸಲಹೆ ನೀಡಿದ್ದಾರೆ. ಈ ಸಲಹೆಯನ್ನು ನಾನು ಒಪ್ಪಲಾರೆ. ಆದರೆ ಒಪ್ಪದಿರುವುದಕ್ಕೆ ಕಾರಣ ಕೊಡುವುದರ ಜೊತೆಗೆ ತಕ್ಕ ಮಾತುಗಳನ್ನೂ ಕೊಡಬೇಕಾಗಿರುವುದರಿಂದ ಈ ಪತ್ರ.

ಪೇಟಿಯಲ್ಲಿ ತಿದಿಯಿಂದ ಬಂದ ಗಾಳಿ ರೀಡುಗಳನ್ನು, ಅಂದರೆ ತೆಳುವಾದ ಲೋಹದ ಪಟ್ಟಿಗಳನ್ನು, ಕಂಪಿಸುವಂತೆ ಮಾಡಿದಾಗ ಸ್ವರ ಹುಟ್ಟುತ್ತದೆ. ಜಾಝ್ ವಾದಕರು ನೆಚ್ಚಿಕೊಂಡಿರುವ ಹ್ಯಾಮಂಡ್ ಆರ್ಗನ್ನಿನಲ್ಲಿ ಗಾಳಿಗೆ ಕೆಲಸವೇ ಇಲ್ಲ. ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ಮಾರುಕಟ್ಟೆಗೆ ತಂದ ಈ ವಾದ್ಯದೊಳಗೆ ಹಲ್ಲುಗಳುಳ್ಳ ಲೋಹದ ಚಕ್ರಗಳು ಅಯಸ್ಕಾಂತ ಮತ್ತು ತಂತಿಸುರುಳಿಗಳ ಪಕ್ಕದಲ್ಲಿ ತಿರುಗುತ್ತವೆ. ಅದರಿಂದ ಹುಟ್ಟುವ ವಿದ್ಯುತ್ ಸಂಕೇತವೇ ಸ್ಪೀಕರಿನಲ್ಲಿ ನಾದವಾಗುತ್ತದೆ. ಲೆಸ್ಲಿ ಎಂಬ ಹೆಸರಿನ ಆ ಸ್ಪೀಕರಿನ ಒಳಭಾಗವೂ ತಿರುಗುವಂಥದ್ದು. ವಾದಕನು ಅದರ ವೇಗವನ್ನು ಬದಲಿಸಿದಂತೆ ಸ್ವರದ ಅಲೆ ನಿಧಾನವಾಗಿಯೋ ಬಿರುಸಾಗಿಯೋ ಕೇಳಿಸುತ್ತದೆ. ಆದುದರಿಂದ ‘ಪೇಟಿ’ ಎಂದೊಡನೆ ಓದುಗರ ಕಿವಿಯಲ್ಲಿ ಮೂಡುವ ನಾದ ಬೇರೆ, ಅಲ್ಲಿ ಕೇಳಿಸುವ ನಾದ ಬೇರೆ. ‘ಆರ್ಗನ್’ ಎಂದೇ ಉಳಿಸಿಕೊಂಡು ಮೊದಲ ಸಲ ಬಂದಾಗ ‘ವಿದ್ಯುತ್ ಆರ್ಗನ್’ ಎಂದು ಬರೆಯುವುದು ನನ್ನ ನಿಲುವು. ಕೀಲಿಗಳಿಗೆ ಮಾತ್ರ ನಮ್ಮಲ್ಲಿ ರೂಢಿಯಲ್ಲಿರುವ ‘ಮನೆ’ ಎಂಬ ಮಾತನ್ನು ಸಂಕೋಚವಿಲ್ಲದೆ ಬಳಸಿದ್ದೇನೆ.

ನಿಜವಾದ ತೊಡಕಿರುವುದು ಕಾಲಿನ ಕೆಲಸವನ್ನು ಹೇಳುವಲ್ಲಿ. ಕಂಪನಿ ನಾಟಕದ ಲೆಗ್ ಹಾರ್ಮೋನಿಯಂನಲ್ಲಿ ಎರಡೂ ಕಾಲುಗಳು ಗಾಳಿ ಹಾಕುತ್ತವೆ, ಸ್ವರವೆಲ್ಲ ಕೈಗಳದ್ದು. ಅದಕ್ಕೆ ‘ತುಳಿಯುವುದು’ ಎಂಬ ಕ್ರಿಯಾಪದ ಸರಿಯಾಗಿ ಒಪ್ಪುತ್ತದೆ. 1954ರಲ್ಲಿ ಬಂದ ಬಿ-3 ಮಾದರಿಯ ಹ್ಯಾಮಂಡ್‌ನಲ್ಲಾದರೋ ಕಾಲಬುಡದಲ್ಲಿ 25 ಪೆಡಲುಗಳ ಸಾಲಿದ್ದು, ಪ್ರತಿಯೊಂದೂ ಒಂದು ಮಂದ್ರಸ್ವರ. 1956ರಿಂದ ಬಂದ ಧ್ವನಿಮುದ್ರಣಗಳ ಮೂಲಕ ಈ ವಾದ್ಯಕ್ಕೆ ಜಾಝ್‌ನಲ್ಲಿ ದೊಡ್ಡ ಸ್ಥಾನ ದೊರಕಿಸಿಕೊಟ್ಟ ಜಿಮ್ಮಿ ಸ್ಮಿತ್ ಅವರ ಕ್ರಮದಲ್ಲಿ ಬಲಗೈ ರಾಗವನ್ನು ಬೆಳೆಸುವಾಗ ಎಡಗೈ ಮಂದ್ರದ ಸಾಲನ್ನು ನಡೆಸುತ್ತದೆ, ಎಡಗಾಲು ಪೆಡಲನ್ನು ತಟ್ಟಿ ಆ ಸಾಲಿಗೆ ಒತ್ತು ಕೊಡುತ್ತದೆ, ಬಲಗಾಲು ಬೇರೊಂದು ಪೆಡಲಿನ ಮೇಲಿದ್ದು ನಾದದ ಗಟ್ಟಿತನವನ್ನು ಏರಿಸಿ ಇಳಿಸುತ್ತದೆ. ಆರ್ಗನ್, ಗಿಟಾರ್, ಡ್ರಮ್ಸ್ ಈ ಮೂರೇ ಇರುವ ಮೇಳಕ್ಕೆ ಬೇರೆ ಬಾಸ್ (ಮಂದ್ರಸ್ವರದ ವಾದ್ಯ) ವಾದಕ ಬೇಕಾಗದಿರುವುದು ಇದರಿಂದಲೇ. ಇಷ್ಟು ಕೌಶಲದ ಕೆಲಸಕ್ಕೆ ‘ಪೆಡಲ್ ತುಳಿಯುತ್ತಾರೆ’ ಎಂದು ಬರೆದರೆ ನಮ್ಮ ಓದುಗರು ಗಾಳಿ ಹಾಕುತ್ತಿದ್ದಾರೆಂದೇ ತಿಳಿಯುತ್ತಾರೆ. ‘ಕಾಲಲ್ಲಿ ನುಡಿಸುತ್ತಾರೆ’ ಎಂಬುದು ಅರ್ಥಕ್ಕೆ ಸರಿಯಾದರೂ, ವಾದ್ಯಕ್ಕೆ ಕಾಲು ತಾಕಿದರೆ ಮುಟ್ಟಿ ನಮಸ್ಕರಿಸುವ ಹಿರಿಯ ಕಲಾವಿದರಿಗೆ ಆ ಮಾತು ಹೇಗೆ ಕೇಳಿಸೀತು ಎಂಬ ಅಳುಕು ನನಗಿದೆ.

‘ಲೈವ್’ ಎಂಬುದನ್ನು ‘ಜೀವಂತ ಸಂಗೀತ’ ಎಂದು ಬರೆಯುವುದು ಅಸಹಜ. ‘ಕಚೇರಿ’ ಎಂದರೆ ಸಂಗೀತ ಬಲ್ಲವರಿಗೆ ತಿಳಿಯುತ್ತದೆ, ಆದರೆ ‘ಮ್ಯೂಸಿಯಂನಲ್ಲಿ ಸಂಜೆ ಕಚೇರಿ’ ಎಂಬ ಶೀರ್ಷಿಕೆಯನ್ನು ಓದಿದ ಉಳಿದವರು ಆಡಳಿತ ಕಚೇರಿಯ ವೇಳೆಯೆಂದು ಭಾವಿಸಬಹುದು. ‘ಸಂಜೆಯ ಆರ್ಗನ್ ವಾದನ’ ಎಂದರೆ ಸಾಕೆನಿಸುತ್ತದೆ.

ಫಂಕ್ ಎಂಬ ಹೆಸರನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ಅದರ ಲಯವನ್ನು ವಿವರಿಸುವಾಗ, ನಾಲ್ಕು ಎಣಿಕೆಯ ಪ್ರತಿ ಆವರ್ತದ ಮೊದಲ ಪೆಟ್ಟಿಗೆ ಬೀಳುವ ಬಲವಾದ ಒತ್ತನ್ನು ‘ಸಮ್’ ಎನ್ನಬಹುದೇ ಎಂಬ ಪ್ರಶ್ನೆ ಎದ್ದಿತು. ಹಿಂದುಸ್ತಾನಿಯಲ್ಲಿ ಗಾಯಕರು ದೂರ ಹೋಗಿ ಸಮ್ಮಿಗೆ ಮರಳುವ ಸೊಗಸಿದೆ. ಫಂಕ್‌ನಲ್ಲಿ ಬಾಸ್ ಮತ್ತು ಡ್ರಮ್ಸ್ ಆ ಪೆಟ್ಟನ್ನು ಮತ್ತೆ ಮತ್ತೆ ಊರುತ್ತವೆ. ಸ್ಥಾನ ಒಂದೇ ಆದರೂ ಅನುಭವ ಬೇರೆಯಾದುದರಿಂದ ‘ಮೊದಲ ಪೆಟ್ಟು’ ಎಂದೇ ಬರೆದಿದ್ದೇನೆ.

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಕಂಪನಿಗಳಲ್ಲಿ ಲೆಗ್ ಹಾರ್ಮೋನಿಯಂ ನುಡಿಸಿದವರು ಅಥವಾ ಅವರೊಡನೆ ಒಡನಾಡಿದವರು ಇಲ್ಲಿದ್ದರೆ ಎರಡು ವಿಷಯಗಳನ್ನು ದಯವಿಟ್ಟು ತಿಳಿಸಬೇಕು. ಆ ವಾದ್ಯದ ಕಾಲಿನ ಭಾಗಕ್ಕೆ ಅವರು ತಮ್ಮತಮ್ಮಲ್ಲಿ ಯಾವ ಹೆಸರನ್ನು ಬಳಸುತ್ತಿದ್ದರು? ಕಾಲಿನಿಂದ ಸ್ವರವನ್ನೇ ಹೊರಡಿಸುವ ಕ್ರಿಯೆಗೆ ‘ತಟ್ಟು’, ‘ಒತ್ತು’, ‘ನುಡಿಸು’ ಇವುಗಳಲ್ಲಿ ಅವರ ಕಿವಿಗೆ ಯಾವುದು ಸಹಜವಾಗಿ ಕೇಳಿಸುತ್ತದೆ?