ಡೋರ್ ಲಾಕ್ ಕೈಕೊಟ್ಟಿದೆಯಾ? ಆಟೋ ಎಲೆಕ್ಟ್ರಿಷಿಯನ್‌ಗೆ ಕೇಳಿ

ಹಾಸನದಿಂದ: ಸರ್, ಡ್ರೈವರ್ ಕಡೆ ಸ್ವಿಚ್ ಒತ್ತಿದರೆ ಮೂರು ಬಾಗಿಲು ಲಾಕ್ ಆಗುತ್ತವೆ. ಹಿಂದಿನ ಎಡಗಡೆಯದು ಮಾತ್ರ ಇಲ್ಲ. ಸ್ವಿಚ್ ಹೋಯ್ತಾ?

ಎಲೆಕ್ಟ್ರಿಷಿಯನ್: ಸ್ವಿಚ್ ಹೋಗಿದ್ದರೆ ಮೂರು ಬಾಗಿಲು ಲಾಕ್ ಆಗುತ್ತಿರಲಿಲ್ಲ. ಆ ಬಾಗಿಲಿನ ಮೋಟರ್ ನೋಡಿ, ಇಲ್ಲಾ ಅದಕ್ಕೆ ಹೋಗುವ ವೈರ್ ನೋಡಿ.

ದಾವಣಗೆರೆಯಿಂದ: ಒಂದು ರಿಮೋಟ್ ಕಳೆದಿದೆ. ಹೊಸದನ್ನು ಮನೆಯಲ್ಲೇ ಜೋಡಿಸಬಹುದಾ?

ಶಿರಸಿಯಿಂದ: ಮಳೆ ಹಿಡಿದಾಗಿನಿಂದ ಕಾರು ತಾನಾಗೇ ಲಾಕ್ ಆಗುತ್ತಿದೆ. ಡ್ರೈವರ್ ಬಾಗಿಲು ಹಾಕುವಾಗ ಟಕ್ ಅನ್ನುತ್ತೆ, ಎಲ್ಲಾ ಬಂದ್. ಮೊನ್ನೆ ಕೀ ಒಳಗೆ, ಮಗು ಒಳಗೆ. ಪುಣ್ಯಕ್ಕೆ ಗಾಜು ಇಳಿಸಿತ್ತು. ಸರ್ವಿಸ್‌ನವರು ಬಿಸಿಎಂ, ಅಂದರೆ ಲಾಕ್, ಲೈಟ್ ಎಲ್ಲಾ ನಡೆಸುವ ಕಂಪ್ಯೂಟರ್ ಪೆಟ್ಟಿಗೆ, ಬದಲಿಸಬೇಕು ಅಂತಾರೆ.

ಎಲೆಕ್ಟ್ರಿಷಿಯನ್: ಇವತ್ತೇ ಮ್ಯಾನುಯಲ್ ನೋಡಿ ಲಾಕಿನ ಫ್ಯೂಸ್ ತೆಗೆದಿಡಿ. ಸರಿಹೋಗುವವರೆಗೆ ಕೀಯಿಂದಲೇ ಲಾಕ್ ಮಾಡಿ. ಮಗುವನ್ನು ಒಳಗೆ ಬಿಟ್ಟು ಅರೆ ನಿಮಿಷಕ್ಕೂ ಇಳಿಯಬೇಡಿ.

ಬಾಗಿಲು ಅಲುಗಿದಾಗಲೇ ಹೀಗಾದರೆ ನನಗೆ ಮೊದಲ ಅನುಮಾನ ಬಾಗಿಲಿಗೂ ಬಾಡಿಗೂ ನಡುವಿನ ರಬ್ಬರ್ ಬೂಟ್ ಮೇಲೆ. ಅದರೊಳಗಿನ ವೈರ್ ಬಾಗಿ ಬಾಗಿ ಸವೆಯುತ್ತೆ. ಕೆಲವು ಸಲ ಮೇಲಿನ ಪ್ಲಾಸ್ಟಿಕ್ ಚೆನ್ನಾಗೇ ಕಾಣುತ್ತೆ, ಒಳಗೆ ತಾಮ್ರ ತುಂಡಾಗಿರುತ್ತೆ. ಮೆಲ್ಲಗೆ ಎಳೆದರೆ ಆ ಜಾಗ ಮಾತ್ರ ಹಿಗ್ಗುತ್ತೆ. ಇನ್ನು ಕೆಲವು ಸಲ ಪ್ಲಾಸ್ಟಿಕ್ಕೇ ಸೀಳಿ, ನೀರು ಸೇರಿ, ತಾಮ್ರ ಹಸಿರುಗಟ್ಟಿರುತ್ತೆ. ಎಷ್ಟೋ ಕಾರುಗಳಲ್ಲಿ ಸ್ವಿಚ್ಚಿನ ವೈರ್ ಕಾರಿನ ಬಾಡಿಯ ಲೋಹಕ್ಕೆ ತಗುಲಿದರೆ ಸಾಕು, ಯಾರೋ ಲಾಕ್ ಒತ್ತಿದರು ಅಂತ ಬಿಸಿಎಂ ತಿಳಿಯುತ್ತೆ.

ಬ್ಯಾಟರಿ ನೆಗೆಟಿವ್ ಬಿಚ್ಚಿ. ಎರಡೂ ಕಡೆಯ ಕನೆಕ್ಟರ್ ತೆಗೆದು, ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ವೈರಿನ ಎರಡು ತುದಿ ಹಿಡಿದು ಬಾಗಿಲು ಆಡಿಸಿ. ಬೀಪ್ ತಡವರಿಸಿದರೆ ವೈರ್ ತುಂಡಾಗಿದೆ. ವೈರಿಗೂ ಬಾಡಿಗೂ ನಡುವೆ ಬೀಪ್ ಬಂದರೆ ಶಾರ್ಟ್. ಬಾಗದ ಜಾಗದಲ್ಲಿ ಸೋಲ್ಡರ್ ಮಾಡಿಸಿ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿಸಿ. ಟೇಪ್ ಬೇಡ. ವೈರ್ ಸರಿ ಇದ್ದರೆ ಸ್ವಿಚ್ ನೋಡಿ, ಆಮೇಲೆ ಲಾಕಿನೊಳಗಿನ ಮೈಕ್ರೋಸ್ವಿಚ್. ಬಿಸಿಎಂ ಕಟ್ಟಕಡೆಗೆ.

ಮೈಸೂರಿನಿಂದ: ಫಾರ್ವರ್ಡ್ ಬಂದಿದೆ, ಎಲ್ಲರೂ ಉಳಿಸಿಕೊಳ್ಳಿ. ಟೆನಿಸ್ ಚೆಂಡಿಗೆ ತೂತು ಮಾಡಿ ಕೀ ಹಾಕುವ ಜಾಗಕ್ಕೆ ಒತ್ತಿದರೆ ಲಾಕ್ ತೆಗೆಯುತ್ತೆ. ಮನೆಯಲ್ಲಿರುವ ರಿಮೋಟನ್ನು ಫೋನಿನಲ್ಲಿ ಒತ್ತಿ ಕೇಳಿಸಿದರೂ ಆಗುತ್ತೆ.

ಎಲೆಕ್ಟ್ರಿಷಿಯನ್: ಆಗಲ್ಲ. ರಿಮೋಟ್ ಕಳಿಸುವುದು ರೇಡಿಯೋ ಅಲೆ, ಫೋನ್ ದಾಟಿಸುವುದು ಸದ್ದು. ಚೆಂಡಿನ ಗಾಳಿಗೆ ಈ ಲಾಕಿನ ಮೋಟರ್ ತಿರುಗಲ್ಲ. ಮಗು ಒಳಗೆ ಸಿಕ್ಕಿಕೊಂಡರೆ 112ಕ್ಕೆ ಕರೆ ಮಾಡಿ. ಬಿಸಿಲಿದ್ದರೆ, ಮಗು ಸುಸ್ತಾಗಿದ್ದರೆ ಕಾಯಬೇಡಿ. ಮಗುವಿಗೆ ದೂರದ ಗಾಜು ಒಡೆಯಿರಿ. ಇಂಥ ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಹುಬ್ಬಳ್ಳಿಯಿಂದ: ಲಾಕಿನ 15 ಆಂಪ್ ಫ್ಯೂಸ್ ಪದೇ ಪದೇ ಹೋಗುತ್ತೆ. 30 ಹಾಕಲಾ?

ಎಲೆಕ್ಟ್ರಿಷಿಯನ್: ಹಾಕಿ. ಫ್ಯೂಸ್ ಉಳಿಯುತ್ತೆ, ವೈರ್ ಸುಡುತ್ತೆ.

ಮೈಸೂರಿನಿಂದ: ನಮ್ಮ ಮಾವನ ಕಾರಿಗೆ 30 ಹಾಕಿ ವರ್ಷಗಳಾದವು. ಏನೂ ಆಗಿಲ್ಲ. ಇವರದೆಲ್ಲಾ ಹೆದರಿಸುವ ಮಾತು.

ಕಲಬುರಗಿಯಿಂದ: ನಿಮ್ಮ ಮಾವನ ಕಾರು ಎಲ್ಲಿ ನಿಲ್ಲಿಸ್ತಾರೆ ಹೇಳಿ, ನಮ್ಮ ಗಾಡಿ ದೂರ ಇಡ್ತೀವಿ.

ಮೈಸೂರಿನಿಂದ: ಮಾವನ ಸುದ್ದಿಗೆ ಬರಬೇಡಿ.

ಕಲಬುರಗಿಯಿಂದ: ಮಾವನ್ನ ತಂದವರು ನೀವೇ ಅಲ್ವಾ?

ತುಮಕೂರಿನಿಂದ: ಸರ್, ಒಂದೇ ಬಾಗಿಲು ಲಾಕ್ ಆಗುತ್ತಿಲ್ಲ. ಸ್ವಿಚ್ ಬದಲಿಸಲಾ?

ಎಲೆಕ್ಟ್ರಿಷಿಯನ್: ಹಾಸನದವರಿಗೆ ಹೇಳಿದ್ದೇ. ಮೇಲೆ ಓದಿ.

ಶಿರಸಿಯಿಂದ: ಬೂಟ್ ಎಳೆದು ನೋಡಿದೆ ಸರ್. ಒಂದು ವೈರ್ ಸೀಳಿ ಹಸಿರಾಗಿದೆ. ಬಾಡಿಗೆ ಹಿಡಿದರೆ ಬೀಪ್ ಬರುತ್ತೆ. ಸದ್ಯಕ್ಕೆ ಟೇಪ್ ಸುತ್ತಲಾ?

ಎಲೆಕ್ಟ್ರಿಷಿಯನ್: ಟೇಪ್ ಬೇಡ ಅಂತ ಬರೆದಿದ್ದೀನಲ್ಲ. ಫ್ಯೂಸ್ ತೆಗೆದಿದ್ದೀರಾ, ಅದನ್ನು ಮೊದಲು ಹೇಳಿ.

ದಾವಣಗೆರೆಯಿಂದ: ಸರ್, ನನ್ನ ರಿಮೋಟ್?