ಫಾರ್ಮಾಲ್ ಎಚ್ ಟ್ರ್ಯಾಕ್ಟರ್: ನುಸಿಗುಳಿಗೆ ಮಿಕ್ಸ್ ಹಾಕಿದ ಮೇಲೆ ಲೋಡ್ ಬಿದ್ದರೆ ಆಫ್ ಆಗುತ್ತಿದೆ

ಕೆಂಪು_ಎಚ್:
ಇಲಿನಾಯ್‌ನ ಮೊಲೀನ್ ಹತ್ತಿರ ಇದ್ದೇನೆ. ಪಕ್ಕದ ಫಾರ್ಮಿನ ಅಜ್ಜನ 1948ರ ಫಾರ್ಮಾಲ್ ಎಚ್ ಅನ್ನು ಕೌಂಟಿ ಫೇರ್‌ನ ಆಂಟಿಕ್ ಪುಲ್ಲಿಂಗ್‌ಗೆ ರೆಡಿ ಮಾಡುತ್ತಿದ್ದೇವೆ. ಊರಿಡೀ ಹಸಿರು ಜಾನ್ ಡಿಯರ್, ನಮ್ಮದು ಕೆಂಪು. ಆದರೆ ಇದೂ ಪಕ್ಕದ ರಾಕ್ ಐಲೆಂಡ್‌ನಲ್ಲೇ ಹುಟ್ಟಿದ್ದು ಬಿಡಿ.

ಈ ಆಟ ನೋಡದವರಿಗೆ: ಹಿಂದೆ ಸ್ಲೆಡ್ ಕಟ್ಟಿ ಎಳೆಯಬೇಕು. ಎಳೆದ ಹಾಗೆ ಸ್ಲೆಡ್ ಮೇಲಿನ ತೂಕದ ಪೆಟ್ಟಿಗೆ ಮುಂದಕ್ಕೆ ಜರುಗುತ್ತದೆ, ಭಾರ ಏರುತ್ತಾ ಹೋಗುತ್ತದೆ. 300 ಅಡಿ ದಾಟಿದರೆ ಫುಲ್ ಪುಲ್.

ಅಜ್ಜನ ಹತ್ತಿರ ಅವರ ಅಪ್ಪನ ಕಾಲದ ಗುಟ್ಟಿನ ಮಿಕ್ಸ್ ಇದೆ. ಪೆಟ್ರೋಲ್‌ಗೆ ಅಸಿಟೋನ್, ಟೊಲ್ಯೂಯಿನ್ ಅನ್ನುವ ದ್ರಾವಕಗಳು, ಮೇಲೆ ಒಂದು ಹಿಡಿ ನುಸಿಗುಳಿಗೆ. ಅದನ್ನು ಹಾಕಿ ಕೆಲವು ವಾರ ಟ್ಯಾಂಕಿನಲ್ಲೇ ಬಿಟ್ಟಿದ್ದರು. ಈಗ ಐಡಲ್ ಚೆನ್ನಾಗಿದೆ, ಖಾಲಿ ಓಡಿಸಿದರೆ ಏನೂ ತೊಂದರೆ ಇಲ್ಲ. ಸ್ಲೆಡ್ ಕಟ್ಟಿದರೆ ಅರ್ಧ ದಾರಿಯಲ್ಲಿ ಮುಗ್ಗರಿಸಿ, ಕಾರ್ಬ್ಯುರೇಟರ್ ಕಡೆಯಿಂದ ಪಟ್ ಅಂತ ಸಿಡಿದು ಆಫ್. ಚೋಕ್ ಸ್ವಲ್ಪ ಎಳೆದರೆ ಚೇತರಿಸಿಕೊಳ್ಳುತ್ತದೆ. ಅಜ್ಜ ಇನ್ನಷ್ಟು ಗುಳಿಗೆ ಹಾಕೋಣ ಅನ್ನುತ್ತಿದ್ದಾರೆ. ಏನು ಮಾಡಲಿ?

ಜೆಟ್_ಸೂಜಿ:
ಒಂದು ಗುಳಿಗೆಯೂ ಬೇಡ. ಚೋಕ್ ಎಳೆದರೆ ಗಾಳಿ ಕಮ್ಮಿಯಾಗಿ ಪೆಟ್ರೋಲ್ ಪಾಲು ಜಾಸ್ತಿಯಾಗುತ್ತದೆ. ಆಗ ಸರಿಹೋಗುತ್ತದೆ ಅಂದರೆ ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ, ಅಷ್ಟೇ. ಶಕ್ತಿ ಕಮ್ಮಿ ಆಗಿದ್ದಲ್ಲ, ದಾರಿ ಕಟ್ಟಿದೆ.

ಎಂಜಿನ್ ತಣ್ಣಗಿರುವಾಗ, ಬಯಲಲ್ಲಿ, ಕಾರ್ಬ್ಯುರೇಟರ್ ಕೆಳಗಿನ ಡ್ರೇನ್ ಪ್ಲಗ್ ಬಿಚ್ಚಿ ಡಬ್ಬಿ ಹಿಡಿಯಿರಿ. ಎಚ್‌ನಲ್ಲಿ ಪಂಪ್ ಇಲ್ಲ, ಟ್ಯಾಂಕಿನಿಂದ ತಾನಾಗೇ ಇಳಿದು ಬರುವುದು. ಧಾರೆ ಮೊದಲಿಂದ ಕೊನೆವರೆಗೆ ಒಂದೇ ದಪ್ಪ ಇರಬೇಕು. ಟ್ಯಾಂಕಿನ ಕೆಳಗಿನ ಗಾಜಿನ ಬಟ್ಟಲಲ್ಲಿ ಏನು ಕೂತಿದೆ, ಯಾವ ಬಣ್ಣ, ಅದನ್ನೂ ಹೇಳಿ.

ಕೆಂಪು_ಎಚ್:
ಧಾರೆ ಜೋರಾಗಿ ಶುರುವಾಗಿ ಸ್ವಲ್ಪ ಹೊತ್ತಿಗೆ ದಾರದಷ್ಟು ಸಣ್ಣದಾಯಿತು. ಗಾಜಿನ ಬಟ್ಟಲಲ್ಲಿ ಕೆಂಗಂದು ಬಣ್ಣದ ಅಂಟು, ಉಗುರಿನಷ್ಟು ಸಿಪ್ಪೆಗಳು. ಕಾರ್ಬ್ಯುರೇಟರ್ ಬಿಚ್ಚಿದರೆ ಒಳಗಿನ ಗೋಡೆ ಮೇಲೆ ಬಿಳಿ ಹೊಳಪಿನ ಚಕ್ಕೆಗಳು. ವಾಸನೆ ಅಂತೂ ಅಜ್ಜಿಯ ರೇಷ್ಮೆ ಸೀರೆ ಪೆಟ್ಟಿಗೆ ತೆಗೆದ ಹಾಗೆ!

ಜೆಟ್_ಸೂಜಿ:
ಹಾಗಾದರೆ ಎರಡು ಬೇರೆ ಬೇರೆ ಕಾಯಿಲೆ.

ಬಿಳಿ ಚಕ್ಕೆ ನುಸಿಗುಳಿಗೆಯದ್ದು. ಅದು ಪೆಟ್ರೋಲ್‌ನಲ್ಲಿ ಸಲೀಸಾಗಿ ಕರಗುತ್ತದೆ. ಗಾಡಿ ಸುಮ್ನೆ ನಿಂತಿದ್ದಾಗ ಪೆಟ್ರೋಲ್ ಆರಿ ಹೋಗುತ್ತದೆ, ಅದು ಮಾತ್ರ ಹರಳಾಗಿ ಉಳಿಯುತ್ತದೆ. ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಅಳೆದು ಬಿಡುವ ಜೆಟ್‌ನ ಸಣ್ಣ ತೂತು ಮುಚ್ಚಲು ಅಷ್ಟು ಸಾಕು. ಜೆಟ್ ಬಿಚ್ಚಿ ತಾಜಾ ಪೆಟ್ರೋಲ್‌ನಲ್ಲಿ ನೆನೆಸಿ ಗಾಳಿ ಹೊಡೆಯಿರಿ. ತಂತಿ ತೂರಿಸಬೇಡಿ, ಹಿತ್ತಾಳೆ ತೂತು ದೊಡ್ಡದಾದರೆ ಮತ್ತೆ ಬೇರೆ ತಲೆನೋವು.

ಕೆಂಗಂದು ಸಿಪ್ಪೆ? ಯಾರೋ ಯಾವಾಗಲೋ ತುಕ್ಕು ಬರದಿರಲಿ ಅಂತ ಟ್ಯಾಂಕಿನ ಒಳಗೆ ಸೀಲರ್ ಬಳಿದಿರಬೇಕು. ಹಳೇ ಸೀಲರ್‌ಗೆ ಅಸಿಟೋನ್ ಅಂದರೆ ಯಮ. ಅದು ಎದ್ದು ಬಂದು ಟ್ಯಾಂಕಿನಿಂದ ಪೆಟ್ರೋಲ್ ಇಳಿಯುವ ಬಾಯಿಗೆ ಅಡ್ಡ ಕೂರುತ್ತಿದೆ, ಧಾರೆ ಸಣ್ಣದಾಗುವುದು ಅದಕ್ಕೇ. ಅರ್ಧ ಎದ್ದ ಸೀಲರ್ ಪೂರ್ತಿ ಕಿತ್ತು ಬರುವವರೆಗೂ ಕಾಟ ತಪ್ಪಲ್ಲ. ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ಬರುವ ಮೊಣಕೈ ಪೈಪಿನೊಳಗೆ ಸಣ್ಣ ಜಾಲರಿ ಇದೆ, ಎಲ್ಲರೂ ಮರೆಯುವುದು ಅದನ್ನೇ.

ಗುಳಿಗೆಯ ಪ್ಯಾಕೆಟ್ ಉಳಿದಿದೆಯಾ? ಇನ್ನು ಕರಗದಷ್ಟು ಉಪ್ಪು ಹಾಕಿದ ನೀರಿಗೆ ಒಂದು ಬಿಡಿ. ತೇಲಿದರೆ ನ್ಯಾಫ್ತಲೀನ್, ಮುಳುಗಿದರೆ ಪ್ಯಾರಾಡೈಕ್ಲೋರೋಬೆಂಜೀನ್.

ಕೆಂಪು_ಎಚ್:
ಮುಳುಗಿತು. ಅದರಿಂದ ಏನು ವ್ಯತ್ಯಾಸ?

ಜೆಟ್_ಸೂಜಿ:
ಜಾಸ್ತಿ ವ್ಯತ್ಯಾಸ. ಅಜ್ಜನ ಅಪ್ಪ ಹಾಕುತ್ತಿದ್ದ ಗುಳಿಗೆ ನ್ಯಾಫ್ತಲೀನ್ ಇದ್ದಿರಬೇಕು. ನಿಮ್ಮ ಈ ಮುಳುಗಿದ ಗುಳಿಗೆಯಲ್ಲಿ ಕ್ಲೋರಿನ್ ಇದೆ. ಉರಿದರೆ ಹೈಡ್ರೋಕ್ಲೋರಿಕ್ ಆಸಿಡ್, ವಾಲ್ವ್‌ಗೂ ಎಕ್ಸಾಸ್ಟ್‌ಗೂ ಒಳ್ಳೆಯದಲ್ಲ. ಎಂಜಿನ್ ಆಯಿಲ್ ಈಗಲೇ ಬದಲಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ.

ಹಳಬರು ಮೂರ್ಖರಾಗಿರಲಿಲ್ಲ ಅಂತಲೂ ಹೇಳಬೇಕು. 30ರ ದಶಕದಲ್ಲಿ ಸಿಗುತ್ತಿದ್ದ ಪೆಟ್ರೋಲ್‌ನ ಆಕ್ಟೇನ್ ಬಹಳ ಕಮ್ಮಿ, ಒಳಗೆ ತಾನಾಗೇ ಹೊತ್ತಿ ಸಿಡಿದು ಎಂಜಿನ್ ಟಕಟಕ ನಾಕ್ ಮಾಡುತ್ತಿತ್ತು. ನ್ಯಾಫ್ತಲೀನ್ ಅದಕ್ಕಿಂತ ಮೇಲು, ಹಾಗಾಗಿ ಆಗ ನಿಜಕ್ಕೂ ಸ್ವಲ್ಪ ಕೆಲಸ ಮಾಡುತ್ತಿತ್ತು. ನಮ್ಮ ಕಡೆ ಸ್ಕೂಟರ್ ಟ್ಯಾಂಕಿಗೆ ನುಸಿಗುಳಿಗೆ ಹಾಕುತ್ತಿದ್ದವರೂ ಇದೇ ನಂಬಿಕೆಯವರು. ಆದರೆ ಆಕ್ಟೇನ್ ಅಂದರೆ ಶಕ್ತಿ ಅಲ್ಲ, ನಾಕ್ ತಡೆಯುವ ಗುಣ. ಎಚ್‌ನ ಕಂಪ್ರೆಷನ್, ಅಂದರೆ ಗಾಳಿ-ಪೆಟ್ರೋಲ್ ಎಷ್ಟು ಪಟ್ಟು ಒತ್ತಿಕೊಳ್ಳುತ್ತದೆ ಅನ್ನುವುದು, 6ರ ಆಸುಪಾಸು, ಕಮ್ಮಿಯೇ. ಇವತ್ತು ಅಲ್ಲಿನ ಬಂಕ್‌ನ ಅಗ್ಗದ ಪೆಟ್ರೋಲೇ 87 ಆಕ್ಟೇನ್. ಎತ್ತರದ ಊರುಗಳಿಗೆಂದು ಬರುತ್ತಿದ್ದ, ಕಂಪ್ರೆಷನ್ ಏರಿಸುವ ಉಬ್ಬು ಪಿಸ್ಟನ್ ಹಾಕಿದ್ದರೂ 87 ಸಾಕು. ನಾಕ್ ಆಗದ ಎಂಜಿನ್‌ಗೆ ನಾಕ್ ಔಷಧಿ ಯಾಕೆ?

ಟೊಲ್ಯೂಯಿನ್ ಕಥೆ ಬೇರೆ, ಅದು ನಿಜವಾದ ಆಕ್ಟೇನ್ ಏರಿಸುವ ವಸ್ತು. 80ರ ದಶಕದ ಫಾರ್ಮುಲಾ ಒನ್ ಟರ್ಬೋಗಳಿಗೆ ಹೋಂಡಾ 84% ಟೊಲ್ಯೂಯಿನ್ ಇದ್ದ ಇಂಧನ ಹಾಕಿತ್ತು. ಅದು ಟರ್ಬೋ, ಇದು ಎಚ್!

ಮೆಥನಾಲ್_ಮಾಮ:
ಇಷ್ಟೆಲ್ಲ ಯಾಕೆ, ಸೀದಾ ಮೆಥನಾಲ್‌ಗೆ ಹೋಗಿ. ಪುಲ್ಲಿಂಗ್‌ನ ದೊಡ್ಡ ಕ್ಲಾಸ್‌ಗಳಲ್ಲಿ ಅದೇ ಅಲ್ವಾ? ಒಂದು ಚೂರು ನೈಟ್ರೋಮೀಥೇನ್ ಸೇರಿಸಿದರೆ ಇನ್ನೂ ಮಜಾ.

ಜೆಟ್_ಸೂಜಿ:
ಮಾಮ, ತೂಕದಲ್ಲಿ ಒಂದು ಪಾಲು ಪೆಟ್ರೋಲ್ ಉರಿಯಲು 14.7 ಪಾಲು ಗಾಳಿ ಬೇಕು, ಒಂದು ಪಾಲು ಮೆಥನಾಲ್‌ಗೆ 6.4. ಅಂದರೆ ಎರಡು ಪಟ್ಟಿಗಿಂತ ಜಾಸ್ತಿ ಇಂಧನ ಹರಿಯಬೇಕು. ಇವರಿಗೆ ಈಗ ಇರುವುದೇ ದಾರದಷ್ಟು ಧಾರೆ. ಮೆಥನಾಲ್ ಬೆಂಕಿ ಹಗಲಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಎಚ್ ಓಡಿಸುವವರಿಗೆ ಬೇಡವೇ ಬೇಡ. ನೈಟ್ರೋ ಬಗ್ಗೆ ಮಾತೇ ಬೇಡ.

ಇನ್ನೊಂದು: ಅಜ್ಜನ ಶೆಡ್‌ನಲ್ಲಿ ಹಿಂದೆ ನಾಕ್ ತಡೆಯಲು ಪೆಟ್ರೋಲ್‌ಗೆ ಹಾಕುತ್ತಿದ್ದ ಹಳೇ ಸೀಸದ ಮಿಶ್ರಣದ ಡಬ್ಬಿ ಏನಾದರೂ ಇದ್ದರೆ ಮುಚ್ಚಳ ತೆಗೆಯಬೇಡಿ. ಅದರಲ್ಲಿರುವ ಟೆಟ್ರಾಈಥೈಲ್ ಲೆಡ್ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. 1924ರಲ್ಲಿ ನ್ಯೂಜೆರ್ಸಿಯ ಬೇವೇ ಅನ್ನುವಲ್ಲಿ ಅದನ್ನು ತಯಾರಿಸುತ್ತಿದ್ದ 5 ಕೆಲಸಗಾರರು ಸತ್ತಿದ್ದಾರೆ.

ಕೆಂಪು_ಎಚ್:
ಅಪ್‌ಡೇಟ್. ಸೀಲರ್ ಪೂರ್ತಿ ಕಿತ್ತು, ಟ್ಯಾಂಕ್ ತೊಳೆದು, ಆಯಿಲ್ ಬದಲಿಸಿದೆವು. ಮೊಣಕೈ ಜಾಲರಿ ಮುಕ್ಕಾಲು ಭಾಗ ಮುಚ್ಚಿತ್ತು, ಹೇಳಿದ್ದು ಸರಿ. ಪ್ಲಗ್‌ಗಳಿಗೆ ಏನೂ ಆಗಿಲ್ಲ. ಈಗ ಬರೀ 87. ಸ್ಲೆಡ್ ಕಟ್ಟಿದರೂ ಮುಗ್ಗರಿಸುತ್ತಿಲ್ಲ. ಕೊನೆಯಲ್ಲಿ ನಿಲ್ಲುವುದು ಚಕ್ರ ಜಾರಿ, ಎಂಜಿನ್ ಆಫ್ ಆಗಿ ಅಲ್ಲ. ಉಳಿದ ಮಿಕ್ಸ್ ಒಂದು ಕ್ಯಾನ್ ಇದೆ. ಹುಲ್ಲು ಕತ್ತರಿಸುವ ಮಷೀನ್‌ಗೆ ಹಾಕೋಣ ಅಂತ ಅಜ್ಜ.

ಜೆಟ್_ಸೂಜಿ:
ಅದಕ್ಕೂ ಬೇಡ, ಅದರ ಕಾರ್ಬ್ಯುರೇಟರ್‌ನಲ್ಲಿ ರಬ್ಬರ್ ಇದೆ. ನೆಲಕ್ಕೂ ಸುರಿಯಬೇಡಿ. ಕೌಂಟಿಯವರು ಮನೆಯ ಅಪಾಯಕಾರಿ ಕಸ ತೆಗೆದುಕೊಳ್ಳುವ ದಿನ ವಿಚಾರಿಸಿ, ಕ್ಯಾನ್ ಮೇಲೆ ಏನೇನಿದೆ ಬರೆದು ಕೊಡಿ. ಚಕ್ರ ಜಾರುತ್ತಿದ್ದರೆ ಹಿಂದಿನ ಟೈರ್‌ನ ಗಾಳಿ ಎಷ್ಟಿದೆ, ತೂಕ ಎಲ್ಲಿ ಕಟ್ಟಿದ್ದೀರಿ, ಅದನ್ನು ಹೊಸ ಪ್ರಶ್ನೆಯಾಗಿ ಹಾಕಿ.